ಕುರುಕ್ಷೇತ್ರದ ಸೀನರಿ, ಡಿಗ್ರಿ ಹುಡುಗರ ನಾಟಕ: ಮಂಡ್ಯದ ಬಾಡಿಗೆ ಅಂಗಡಿಗಳಿಂದ ಏನು ತರಬೇಕು, ಏನು ಬಿಡಬೇಕು

"ಯಾವ ನಾಟ್ಕ? ಎಷ್ಟು ಸೀನು?"

ಮಂಡ್ಯದಲ್ಲಿ ಡ್ರಾಮಾ ಸೀನರಿ, ಅಂದರೆ ಬಣ್ಣದಲ್ಲಿ ಬರೆದ ಪರದೆ, ಬಾಡಿಗೆಗೆ ಕೊಡುವ ಅಂಗಡಿಗೆ ಕಾಲಿಟ್ಟರೆ ಮೊದಲು ಎದುರಾಗುವುದು ಈ ಎರಡು ಪ್ರಶ್ನೆ. 'ಕುರುಕ್ಷೇತ್ರ' ಎಂದುಬಿಟ್ಟರೆ ಮುಂದೆ ನೀವು ಬಾಯಿ ತೆರೆಯಬೇಕಾಗಿಲ್ಲ. ದರ್ಬಾರು, ಅಂತಃಪುರ, ಕಾಡು, ಬೀದಿ, ರಣರಂಗ. ಕೃಷ್ಣನಿಗೊಂದು ಕಿರೀಟ, ದುರ್ಯೋಧನನಿಗೊಂದು, ಭೀಮನಿಗೆ ಗದೆ. ಪಟ್ಟಿ ಅವರ ನಾಲಿಗೆ ತುದಿಯಲ್ಲೇ ಇರುತ್ತದೆ. ಅದೇ ಬಿ.ಪಿ.ಎ. (ಪ್ರದರ್ಶಕ ಕಲೆಗಳ ಪದವಿ) ಕೊನೆಯ ವರ್ಷದ ಹುಡುಗನೊಬ್ಬ ಹೋಗಿ "ಒಂದೇ ಸೆಟ್ಟು ಅಣ್ಣ, ಸೀನೇ ಬದಲಾಗಲ್ಲ, ಬಾಗಿಲು ಒಂದು, ಕುರ್ಚಿ ಎರಡು" ಅಂದರೆ, "ಹಂಗಾದ್ರೆ ನಮ್ ತಾವ ಯಾಕಪ್ಪ ಬಂದೆ?" ಎನ್ನುವ ಮುಖ.

ಆದರೂ ಹೋಗಬೇಕು. ಮೈಸೂರಿನಲ್ಲಿ ರಂಗಭೂಮಿ ಓದುವವರಿಗೆ ಪಾಠಕ್ಕೂ ನೋಡುವುದಕ್ಕೂ ಕೊರತೆಯಿಲ್ಲ. ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇಲ್ಲೇ ಇದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಲು ತೊಡಗಿದ ರಂಗಾಯಣ ಎಂಬ ನಾಟಕ ಸಂಸ್ಥೆ ಇದೆ, ಅದರ ಭೂಮಿಗೀತ, ವನರಂಗ ಎಂಬ ರಂಗಮಂದಿರಗಳಿವೆ. ಆದರೆ ಆಂಗಿಕ, ವಾಚಿಕ, ಸಾತ್ವಿಕಗಳನ್ನು, ಅಂದರೆ ಅಂಗ, ಮಾತು, ಭಾವಗಳ ಅಭಿನಯವನ್ನು, ಮೈಯಲ್ಲೇ ಅಭ್ಯಾಸ ಮಾಡಬಹುದು, ಆಹಾರ್ಯ (ವೇಷ, ರಂಗಸಜ್ಜಿಕೆ) ಹಾಗಲ್ಲ. ಅದಕ್ಕೆ ಬಟ್ಟೆ ಬೇಕು, ಹಗ್ಗ ಬೇಕು, ಬಣ್ಣ ಬೇಕು, ಕರೆಂಟು ಬೇಕು. ಪರೀಕ್ಷೆಯ ಪ್ರಯೋಗ ಹತ್ತಿರ ಬಂದಾಗ ಇಷ್ಟನ್ನೂ ಒಂದೇ ಸೂರಿನಡಿ ಕೊಡುವವರು ಈ ಅಂಗಡಿಯವರೇ. ತೀರ್ಪು ಮೊದಲೇ ಹೇಳುವುದಾದರೆ, ಸೀನು ಮತ್ತು ಪೋಷಾಕಿಗೆ ಕಣ್ಣುಮುಚ್ಚಿ ಹೋಗಬಹುದು. ಹಾರ್ಮೋನಿಯಂ ನೋಡಿ ತರಬಹುದು. ಬಣ್ಣದ ಪೆಟ್ಟಿಗೆ ಬೇಡ. ಲೈಟಿಗೆ ಹೋಗುವಾಗ ಲೆಕ್ಕ ಗೊತ್ತಿರುವವರೊಬ್ಬರು ಜೊತೆಗಿರಲಿ. ಮೈಕ್ ಅಂತೂ ಅಲ್ಲೇ ಬಿಟ್ಟು ಬನ್ನಿ.

ಬರೆದ ಸೀನಿನಿಂದಲೇ ಶುರುಮಾಡೋಣ. ಈ ಅಂಗಡಿಗಳ ನಿಜವಾದ ಆಸ್ತಿ ಅದೇ. ಪಾರ್ಸಿ ಕಂಪನಿಗಳ ಮೂಲಕ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಕಡೆಗೆ ಬಂದ ಬಣ್ಣದ ಪರದೆ, ಅರಮನೆಯ ಆಶ್ರಯದ ನಾಟಕ ಸಭೆಯನ್ನೂ ಗುಬ್ಬಿಯಂಥ ವೃತ್ತಿ ಕಂಪನಿಗಳನ್ನೂ ದಾಟಿ ಹಳ್ಳಿಗೆ ಇಳಿಯಿತು. ಕಂಪನಿಗಳು ಮುಚ್ಚಿದರೂ ಹಳ್ಳಿ ಬಿಡಲಿಲ್ಲ. ಪಾತ್ರಕ್ಕೆ ಇಷ್ಟು ಎಂದು ತಾವೇ ಕೈಯಿಂದ ದುಡ್ಡು ಹಾಕಿ, ಡ್ರಾಮಾ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿ ರಾತ್ರಿಯಿಡೀ ಆಡುವ ರೈತರು ಮಂಡ್ಯ ಜಿಲ್ಲೆಯಲ್ಲಿ ಇಂದಿಗೂ ಇದ್ದಾರೆ. ದುರ್ಯೋಧನ, ಕೃಷ್ಣರ ಪಾತ್ರಕ್ಕೆ ರೇಟು ಜಾಸ್ತಿ. ಈ ಅಂಗಡಿಗಳು ಬದುಕಿರುವುದು ಆ ದುಡ್ಡಿನಿಂದ, ಡಿಗ್ರಿ ಹುಡುಗರ ಅಡ್ವಾನ್ಸಿನಿಂದಲ್ಲ. ನಿಮ್ಮನ್ನು ಸ್ವಲ್ಪ ಕಾಯಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಸೀನು ತರುವ ಮುಂಚೆ ಕೇಳಬೇಕಾದ್ದು ಮೂರು: ಅಗಲ ಎಷ್ಟಡಿ, ಎತ್ತರ ಎಷ್ಟಡಿ, ಗಳಕ್ಕೆ ಸುತ್ತಿಟ್ಟಿದ್ದಾರೋ ಮಡಿಸಿಟ್ಟಿದ್ದಾರೋ. ನಿಮ್ಮ ರಂಗದ ಬಾಯಿ 24 ಅಡಿ ಇದ್ದರೆ ಸೀನು 28 ಅಡಿಯಾದರೂ ಇರಬೇಕು. ಎರಡೂ ಕಡೆ ಎರಡೆರಡು ಅಡಿ ವಿಂಗಿನ (ರಂಗದ ಪಕ್ಕದ ಪರದೆಯ) ಹಿಂದೆ ಅಡಗದಿದ್ದರೆ, ಮೊದಲ ಸಾಲಿನ ಮೂಲೆಯಲ್ಲಿ ಕೂತವರಿಗೆ ಕಾಡು ಮುಗಿದು ಕಾಲೇಜಿನ ಗೋಡೆ ಕಾಣುತ್ತದೆ. ಮಡಿಸಿದ ಸೀನಿಗೆ ಮಡಿಕೆಯ ಗೆರೆ ಬಿದ್ದಿರುತ್ತದೆ. ಎದುರಿನ ಬೆಳಕಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಪಕ್ಕದಿಂದ ಲೈಟು ಬಿಟ್ಟರೆ ಆಕಾಶದ ನಡುವೆ ಚೌಕಟ್ಟು ಚೌಕಟ್ಟಾಗಿ ಎದ್ದು ಬರುತ್ತದೆ. ಒಂದು ದಿನ ಮೊದಲೇ ತಂದು, ಕೆಳಗಿನ ಅಂಚಿಗೆ ಬಿದಿರಿನ ಗಳ ತೂರಿಸಿ, ಭಾರದಲ್ಲಿ ನೇತುಹಾಕಿ. ಬಹುಪಾಲು ಗೆರೆ ತಾನಾಗಿ ಇಳಿಯುತ್ತದೆ. ಇಸ್ತ್ರಿ ಬೇಡ, ನೀರು ಚಿಮುಕಿಸುವುದಂತೂ ಬೇಡವೇ ಬೇಡ. ಹಳೆಯ ಸೀನುಗಳ ಬಣ್ಣಕ್ಕೆ ಮರಗೆಲಸದವರು ಬಳಸುವಂಥ ವಜ್ರದ ಅಂಟು ಬೆರೆಸಿರುತ್ತಾರೆ. ಅದು ನೀರಿಗೆ ಕರಗುವಂಥದ್ದು. ಒದ್ದೆ ಕೈ ಇಟ್ಟ ಕಡೆ ಕಲೆ ಉಳಿಯುತ್ತದೆ, ಆ ಕಲೆಯ ದುಡ್ಡು ನಿಮ್ಮ ಡಿಪಾಸಿಟ್ಟಿನಿಂದ ಹೋಗುತ್ತದೆ.

ಬರೆದ ಸೀನಿಗೆ ಹುಟ್ಟಿನಿಂದಲೇ ಬಂದ ಒಂದು ಐಬಿದೆ. ದರ್ಬಾರಿನ ಕಂಬಗಳ ಸಾಲು ದೂರಕ್ಕೆ ಹೋದಂತೆ ಕಿರಿದಾಗುವಂತೆ ಬರೆದಿರುತ್ತಾರೆ. ಆ ಲೆಕ್ಕ ಸರಿಯಾಗಿ ಕೂರುವುದು ಸಭಾಂಗಣದ ನಟ್ಟನಡುವೆ ಕೂತವರಿಗೆ ಮಾತ್ರ. ನಟ ಸೀನಿನ ಪಕ್ಕಕ್ಕೇ ಹೋಗಿ ನಿಂತರೆ ಹಿಂದಿನ ಕಂಬ ಅವನ ಸೊಂಟಕ್ಕೆ ಬರುತ್ತದೆ, ಅರಮನೆ ಗೊಂಬೆಮನೆಯಾಗುತ್ತದೆ. ಸೀನಿನಿಂದ ಆರು ಅಡಿ ಮುಂದೆ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅದರ ಹಿಂದೆ ಯಾರೂ ಹೆಜ್ಜೆ ಇಡದಂತೆ ರಿಹರ್ಸಲ್‌ನಲ್ಲೇ ರೂಢಿ ಮಾಡಿಸಿ. ಆ ಆರು ಅಡಿ ನೆರಳಿನ ಲೆಕ್ಕಕ್ಕೂ ಒದಗುತ್ತದೆ. ಅದು ಮುಂದೆ ಬರುತ್ತದೆ.

ಇವೆಲ್ಲಕ್ಕಿಂತ ಈ ಅಂಗಡಿಗಳ ಸೀನಿನ ಕಟ್ಟು ಕಲಿಸುವ ಒಂದು ವಿದ್ಯೆ ಇದೆ. ದರ್ಬಾರು ಅಥವಾ ಅಂತಃಪುರ ರಂಗದ ಹಿಂಬದಿಗೆ. ಬೀದಿ ಸೀನು ಮುಂಬದಿಗೆ, ಮುಂಪರದೆಯ ಸ್ವಲ್ಪವೇ ಹಿಂದೆ. ಬೀದಿ ಸೀನು ಇಳಿದಾಗ ಆಡುವುದಕ್ಕೆ ಉಳಿಯುವ ಜಾಗ ನಾಲ್ಕೈದು ಅಡಿ ಅಷ್ಟೇ. ಹಾಸ್ಯದವರು ಬಂದು ಮಾತಾಡುವುದು, ದೂತ ಸುದ್ದಿ ತರುವುದು ಎಲ್ಲ ಅಲ್ಲಿ. ಅಷ್ಟರಲ್ಲಿ ಅದರ ಹಿಂದೆ ಸಿಂಹಾಸನ ಎತ್ತಿ ಮಂಚ ಇಟ್ಟಾಗಿರುತ್ತದೆ. ಅಂದರೆ ಕಂಪನಿ ನಾಟಕದಲ್ಲಿ ಹಾಸ್ಯದ ದೃಶ್ಯ ಅಲ್ಲಿರುವುದು ಜನರನ್ನು ನಗಿಸಲಿಕ್ಕೆ ಮಾತ್ರವಲ್ಲ, ಹಿಂದೆ ಮಂಚ ಸಾಗಿಸಲಿಕ್ಕೂ ಹೌದು. ನಾಟಕದ ಕಟ್ಟೋಣವನ್ನೇ ಹಗ್ಗ ಮತ್ತು ರಾಟೆ ತೀರ್ಮಾನಿಸಿರುವುದನ್ನು ಕಣ್ಣಾರೆ ಕಾಣಬೇಕಾದರೆ, ಅಂಗಡಿಯವರು ಯಾವುದಾದರೂ ಹಳ್ಳಿಯಲ್ಲಿ ಸೀನು ಕಟ್ಟುವ ಮಧ್ಯಾಹ್ನ ಟೇಪು, ಪುಸ್ತಕ ಹಿಡಿದು ಹೋಗಿ. ಮೊದಲು ಹಿಂದಿನ ಸೀನು ಏರಿಸುತ್ತಾರೆ, ಆಮೇಲೆ ನಡುವಿನವು, ಮುಂಪರದೆ ಕೊನೆಗೆ. ಪ್ರತಿ ಗಳದ ನಡುವೆ ಎಷ್ಟಡಿ ಎಂದು ಅಳೆದು 1:50ರ ಅಳತೆಯಲ್ಲಿ, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರು, ನೆಲನಕ್ಷೆ ಬರೆದುಕೊಂಡರೆ ರಂಗಸಜ್ಜಿಕೆಯ ರೆಕಾರ್ಡ್ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಹಾಳೆ ಸಿಗದು. ಸೀನು ಎಳೆಯುವವರ ಹತ್ತಿರ ಸ್ಕ್ರಿಪ್ಟ್ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಹಾಡಿನ ಕೊನೆಯ ಸಾಲಿಗೆ ಅವರ ಕೈ ಹಗ್ಗಕ್ಕೆ ಹೋಗುತ್ತದೆ.

ಕಪ್ಪು ಪರದೆ ಕೇಳಿದರೆ ಕೈಗೆ ಬರುವುದು ಮಾಸಿದ್ದು. ಬಿಸಿಲು, ಧೂಳಿಗೆ ಮಾಸಿದ ಕಪ್ಪು ಬಟ್ಟೆ ಬೆಳಕು ಬಿದ್ದಾಗ ಕಂದು ಹೊಳೆಯುತ್ತದೆ. ಆಧುನಿಕ ನಾಟಕಕ್ಕೆ ಮುಖ್ಯವಾಗಿ ಬೇಕಾದ್ದೇ ಇದು, ಇವರಲ್ಲಿ ಸೊರಗಿರುವುದೂ ಇದೇ. ತಂಡದವರೇ ಸೇರಿ ಕಾಟನ್ ಬಟ್ಟೆ ಕೊಂಡು ಹೊಲಿಸಿಕೊಂಡರೆ ಮುಂದಿನ ಬ್ಯಾಚಿಗೂ ಆದೀತು. 30 ಅಡಿ ಮುಚ್ಚಲು 30 ಅಡಿ ಬಟ್ಟೆ ಸಾಲದು. ನೆರಿಗೆ ಇಲ್ಲದ ಬಟ್ಟೆ ಹಾಸಿಗೆ ಒಣಹಾಕಿದಂತೆ ಕಾಣುತ್ತದೆ. 45 ಅಡಿ ಲೆಕ್ಕ ಹಾಕಿ. ಬೆಂಕಿಯ ಭಯಕ್ಕೆ ಒಂದು ಹಳೆಯ ಪಾಕವಿದೆ: ಹತ್ತು ಲೀಟರು ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 500 ಗ್ರಾಂ ಬೋರಿಕ್ ಆಸಿಡ್ ಪುಡಿ ಕರಗಿಸಿ, ಬಟ್ಟೆ ಅದ್ದಿ, ಹಿಂಡದೆ ಒಣಗಿಸುವುದು. ಒಂದು ತುಂಡಿಗೆ ಬೆಂಕಿಕಡ್ಡಿ ಹಿಡಿದು ನೋಡಿ: ಕಡ್ಡಿ ತೆಗೆದ ಮೇಲೆ ಉರಿ ಮುಂದುವರಿಯಬಾರದು, ಕರಿದಾಗಿ ನಿಲ್ಲಬೇಕು. ಕಾಟನ್‌ಗೆ ಮಾತ್ರ ಇದು, ಪಾಲಿಯೆಸ್ಟರಿಗಲ್ಲ. ಒಗೆದರೆ ಗುಣ ಹೋಗುತ್ತದೆ. ಬಾಡಿಗೆ ಸೀನಿಗೆ ಇದನ್ನು ಮಾಡಹೋಗಬೇಡಿ, ಬಣ್ಣದ ಕತೆ ಆಗಲೇ ಹೇಳಿದೆ.

ವನರಂಗದಂಥ ಬಯಲು ರಂಗಕ್ಕೆ ಬರೆದ ಸೀನು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. 28 ಅಡಿ ಅಗಲದ ಬಟ್ಟೆ ಗಾಳಿಗೆ ಹಾಯಿಯಾಗುತ್ತದೆ, ಗಳವನ್ನೇ ಎಳೆದು ಕೆಡವುತ್ತದೆ.

ಪೋಷಾಕು. ಮಖಮಲ್ಲಿನ ಮೇಲೆ ಜರಿ ಕೆಲಸ, ಕಿರೀಟ, ಭುಜಕೀರ್ತಿ, ತೋಳಬಂದಿ, ಡಾಬು: ಈ ಗುಣಮಟ್ಟ ಮೈಸೂರಿನ ಫ್ಯಾನ್ಸಿ ಡ್ರೆಸ್ ಅಂಗಡಿಗಳಲ್ಲಿ ಸಿಗುವುದಿಲ್ಲ. ಅಲ್ಲಿನ ಸರಕು ಸ್ಕೂಲ್ ಡೇಗೆ ಹೊಲಿದದ್ದು. ಅಳತೆ ಚಿಕ್ಕದು, ಹೊಳಪು ಜಾಸ್ತಿ, ಬಾಳಿಕೆ ಒಂದು ಹಾಡಿನಷ್ಟು. ಮಂಡ್ಯದ್ದು ರಾತ್ರಿಯಿಡೀ ನಿಂತು ಹಾಡುವ ಗಟ್ಟಿ ಆಳಿಗೆ ಮಾಡಿದ್ದು. ತೊಂದರೆಯೂ ಅಲ್ಲೇ. ಹತ್ತೊಂಬತ್ತು ವರ್ಷದ ಹುಡುಗಿ ಅರ್ಜುನನ ಪಾತ್ರ ಮಾಡಿದರೆ ಅಂಗಿ ಅವಳ ಮೇಲೆ ಗೋಣಿಚೀಲ. ಕತ್ತರಿ ಹಾಕುವ ಹಾಗಿಲ್ಲ, ಪಿನ್ನು ಚುಚ್ಚಿದರೆ ಜರಿ ಬಿಟ್ಟುಕೊಳ್ಳುತ್ತದೆ. ಹೊಲಿಗೆಯ ಪಕ್ಕದಲ್ಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಬೆಳಗಾದ ಮೇಲೆ ದಾರ ಎಳೆದುಬಿಡಿ. ಕಿರೀಟಕ್ಕೆ ತಲೆಯ ಸುತ್ತಳತೆ ಇಂಚಿನಲ್ಲಿ ಬರೆದುಕೊಂಡು ಹೋಗಿ, ಅದೂ ವಿಗ್ ಹಾಕಿ ಅಳೆದದ್ದು. ಸಡಿಲಾದರೆ ಒಳಗೆ ಸ್ಪಂಜಿನ ಪಟ್ಟಿ ಇಡಬಹುದು, ಬಿಗಿಯಾದರೆ ಎರಡನೇ ಅಂಕದ ಹೊತ್ತಿಗೆ ತಲೆನೋವು ಖಂಡಿತ.

ಭುಜಕೀರ್ತಿ ಕಟ್ಟಿದ ಮೇಲೆ ಕೈ ಭುಜದಿಂದ ಮೇಲಕ್ಕೆ ಸರಿಯಾಗಿ ಏಳುವುದಿಲ್ಲ. ಪೌರಾಣಿಕ ನಾಟಕದ ನಟರು ಕೈಯನ್ನು ಎದೆಯ ಮಟ್ಟದಲ್ಲಿ ಬೀಸುವುದಕ್ಕೆ ಇದೂ ಒಂದು ಕಾರಣ. ಟೀ ಶರ್ಟಿನಲ್ಲಿ ಕಟ್ಟಿದ ಬ್ಲಾಕಿಂಗ್ (ನಟರ ಚಲನೆಯ ವಿನ್ಯಾಸ) ಪೋಷಾಕಿನಲ್ಲಿ ಮುರಿದು ಬೀಳುವುದು ಅದಕ್ಕೇ. ಬಾಡಿಗೆ ಒಂದು ರಾತ್ರಿಯ ಲೆಕ್ಕ, ವಾರವಿಡೀ ತಂದಿಟ್ಟುಕೊಳ್ಳಲಾಗದು. ಅಂಗಡಿಯಲ್ಲೇ ತಕ್ಕಡಿ ಕೇಳಿ ಕಿರೀಟ, ಭುಜಕೀರ್ತಿ ತೂಗಿಸಿ, ರಟ್ಟಿನಲ್ಲಿ ಅದೇ ಅಳತೆಯದು ಮಾಡಿ, ಅಷ್ಟೇ ತೂಕದ ಮರಳಿನ ಪೊಟ್ಟಣ ಕಟ್ಟಿ ರಿಹರ್ಸಲ್ ಮಾಡಿ. ಮಖಮಲ್ಲು ಒಗೆಯಲಾಗದ ಬಟ್ಟೆ; ಹಿಂದಿನ ಊರಿನ ಕರ್ಣನ ಬೆವರು ಅದರಲ್ಲೇ ಇರುತ್ತದೆ. ಒಳಗೆ ತೋಳಿರುವ ಕಾಟನ್ ಬನಿಯನ್ ಇಲ್ಲದೆ ಹಾಕಬೇಡಿ. ಒಳಪದರಕ್ಕೆ ಸರ್ಜಿಕಲ್ ಸ್ಪಿರಿಟ್ಟಿಗೆ ಸಮ ನೀರು ಬೆರೆಸಿ ತೆಳ್ಳಗೆ ಸಿಂಪಡಿಸಿ ನೆರಳಲ್ಲಿ ಆರಿಸಿದರೆ ವಾಸನೆ ಹೋಗುತ್ತದೆ. ಬಣ್ಣ ಬಿಡುತ್ತದೆಯೋ ಎಂದು ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಬಣ್ಣದ ಪೆಟ್ಟಿಗೆ ಬೇಡ ಎಂದೆನಲ್ಲ, ಮೇಕಪ್ ಮಾಡುವವರ ಕೈ ಸರಿಯಿಲ್ಲ ಎಂದಲ್ಲ. ಕತ್ತಲ ಬಯಲಿನಲ್ಲಿ ಐವತ್ತು ಅಡಿ ದೂರ ಕೂತವರಿಗೆ ಭೀಮನ ಹುಬ್ಬು ಕಾಣುವಂತೆ ಬರೆಯುವುದು ದೊಡ್ಡ ಕಸುಬು. ಅದೇ ಹುಬ್ಬನ್ನು ಕಿರುರಂಗಮಂದಿರದಂಥ ಸಣ್ಣ ಜಾಗದ ಮುಂದಿನ ಸಾಲಿನವರು ನೋಡಿದರೆ ಮುಖವಾಡ. ಇನ್ನು ಒಂದೇ ಸ್ಪಂಜು ಹತ್ತು ಮುಖಕ್ಕೆ ಹೋಗುತ್ತದೆ. ಕಣ್ಣುಬೇನೆ, ಮೊಡವೆ ಎಲ್ಲವೂ ಸಾಲಾಗಿ ಹಂಚಿಕೆ. ಮುಖಕ್ಕೆ ಹಚ್ಚುವ ಪ್ಯಾನ್‌ಕೇಕ್ ಬಣ್ಣ, ಸ್ಪಂಜು ನಿಮ್ಮದೇ ಇರಲಿ. ಬಹಳ ಹಳೆಯ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ ಎಂದು ಹೇಳಿ ಏನಾದರೂ ತೆಗೆದರೆ ಕೈಮುಗಿದು ಎದ್ದು ಬನ್ನಿ. ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ. ಮೀಸೆ ಗಡ್ಡಕ್ಕೆ ಸ್ಪಿರಿಟ್ ಗಮ್ ಹಚ್ಚುವಾಗ ಎಲ್ಲರೂ ಮಾಡುವ ತಪ್ಪು ಆತುರ. ಹಚ್ಚಿ ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು, ಬೆರಳಿಗೆ ಜಿಗುಟು ಬಂದ ಮೇಲೆ ಕೂದಲು ಒತ್ತಬೇಕು. ಹಸಿಯಲ್ಲೇ ಒತ್ತಿದರೆ ಬೆವರಿಗೆ ಜಾರುತ್ತದೆ. ತೆಗೆಯುವಾಗ ಎಳೆಯದೆ, ಕೊಬ್ಬರಿ ಎಣ್ಣೆ ಹಚ್ಚಿ ಸಡಿಲಿಸಿ.

ಈಗ ಲೈಟು. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಇವರಲ್ಲಿ ಸಿಗುವುದು ಎರಡು ಬಗೆ: ಹಳೆಯ ಹ್ಯಾಲೊಜೆನ್ ಪಾರ್ (ಡಬ್ಬಿಯಾಕಾರದ ರಂಗದ ಲೈಟು) ಮತ್ತು ಆರ್ಕೆಸ್ಟ್ರಾ, ಮದುವೆಗಳಿಗೆಂದು ತಂದ ಎಲ್‌ಇಡಿ ಪಾರ್. ಹ್ಯಾಲೊಜೆನ್ ಒಂದೊಂದು 1000 ವ್ಯಾಟ್ ಎಂದರೆ 230 ವೋಲ್ಟಿಗೆ ಸುಮಾರು 4.3 ಆಂಪ್. 16 ಆಂಪಿನ ಸಾಲಿಗೆ ಮೂರು ಲೈಟು, ನಾಲ್ಕನೆಯದು ಹಾಕಿದರೆ 16 ಆಂಪ್ ದಾಟಿ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್ಚು) ಬೀಳಬಹುದು. "ಪ್ಲಗ್ಗಿಗೆ ಮೂರು" ಅಲ್ಲ, "ಎಂಸಿಬಿಗೆ ಮೂರು". ಕಾಲೇಜು ಸಭಾಂಗಣದ ಒಂದು ಗೋಡೆಯ ನಾಲ್ಕು ಪ್ಲಗ್ಗೂ ಒಂದೇ ಎಂಸಿಬಿಯಿಂದ ಬಂದಿರಬಹುದು. ಒಂದೊಂದೇ ಆಫ್ ಮಾಡಿ ನೋಡಿಕೊಂಡು ಚೀಟಿ ಅಂಟಿಸಿ. ಹನ್ನೆರಡು ಲೈಟಿಗೆ 52 ಆಂಪ್ ಬೇಕು. ಅದನ್ನು ಮೂರು ಫೇಸಿಗೆ ನಾಲ್ಕು ನಾಲ್ಕಾಗಿ, ಆದರೆ ಒಂದು ಎಂಸಿಬಿಗೆ ಮೂರು ದಾಟದಂತೆ, ಹಂಚಬೇಕು, ಎಲೆಕ್ಟ್ರಿಷಿಯನ್ ಇಲ್ಲದೆ ಯಾರೂ ಕೈ ಹಾಕಬಾರದು. ಜನರೇಟರ್ ತರುವುದಾದರೆ ಕೆವಿಎ ಸಂಖ್ಯೆಯನ್ನು 0.8ರಿಂದ ಗುಣಿಸಿ. 15 ಕೆವಿಎ ಎಂದರೆ 12 ಕಿಲೋವ್ಯಾಟ್; ಹನ್ನೆರಡು ಲೈಟಿಗೇ ಕುತ್ತಿಗೆವರೆಗೆ ಬಂತು, ಫ್ಯಾನಿಗೂ ಆಂಪ್ಲಿಫೈಯರಿಗೂ ಉಸಿರಿಲ್ಲ. 25 ಕೇಳಿ.

ಎಲ್‌ಇಡಿಯಲ್ಲಿ ಕರೆಂಟಿನ ತಲೆನೋವಿಲ್ಲ. ಮೂರು ವ್ಯಾಟಿನ 54 ಬಲ್ಬುಗಳದ್ದು ಹೆಸರಿಗೆ 162 ವ್ಯಾಟ್, ನಿಜಕ್ಕೆ ಎಳೆಯುವುದು ಇನ್ನೂ ಕಡಿಮೆ. ಹನ್ನೆರಡೂ ಒಂದೇ ಸಾಲಿನಲ್ಲಿ ಉರಿಯುತ್ತವೆ. ಕೆಡುವುದು ಮುಖದ ಬಣ್ಣ. ಕೆಂಪು, ಹಸಿರು ಬೆರೆಸಿ ಹುಟ್ಟಿಸಿದ ಹಳದಿಯಲ್ಲಿ ನಿಜವಾದ ಹಳದಿಯ ಕಿರಣ ಇರುವುದೇ ಇಲ್ಲ, ಹೀಗಾಗಿ ಜರಿಯೂ ಚರ್ಮವೂ ಸತ್ತಂತೆ ಕಾಣುತ್ತವೆ. ಬೆಚ್ಚನೆಯ ಬಿಳಿಯ ಪ್ರತ್ಯೇಕ ಬಲ್ಬಿರುವುದನ್ನೇ ಕೇಳಿ. ಪೋಷಾಕನ್ನೂ ಲೈಟನ್ನೂ ಒಂದೇ ಅಂಗಡಿಯಲ್ಲಿ ತರುವ ಲಾಭ ಇಲ್ಲಿದೆ: ಅಲ್ಲೇ ಒಂದು ಲೈಟು ಹೊತ್ತಿಸಿ ಪೋಷಾಕಿನ ಮೇಲೆ ಬಿಟ್ಟು ನೋಡಬಹುದು. ನೀಲಿ ಬೆಳಕಿನಲ್ಲಿ ಕೆಂಪು ಮಖಮಲ್ಲು ಕಪ್ಪಾಗುತ್ತದೆ. ರಾತ್ರಿಯ ದೃಶ್ಯಕ್ಕೆ ನೀಲಿ ಇಟ್ಟುಕೊಂಡು ನಾಯಕನಿಗೆ ಕೆಂಪು ಶಾಲು ಹೊದಿಸಿದರೆ ರಂಗದ ಮೇಲೆ ತಲೆ ಮಾತ್ರ ಓಡಾಡುತ್ತದೆ.

ಲೈಟುಗಳನ್ನು ನಿಯಂತ್ರಿಸುವ ಬೋರ್ಡಿಗೆ ಜೋಡಿಸುವಾಗ ಪ್ರತಿ ಲೈಟಿಗೂ ವಿಳಾಸ (ಅದರ ಮೊದಲ ಚಾನೆಲ್ ಸಂಖ್ಯೆ) ಸರಿ ಕೊಡಿ. ಬೋರ್ಡಿನಿಂದ ಲೈಟಿಗೆ ಆದೇಶ ಒಯ್ಯುವ ಡಿಎಂಎಕ್ಸ್‌ನ ಒಂದು ಸಾಲಿನಲ್ಲಿ 512 ಚಾನೆಲ್. ಎಂಟು ಚಾನೆಲ್ಲಿನ ಲೈಟಾದರೆ ಮೊದಲನೆಯದಕ್ಕೆ 1, ಮುಂದಿನವಕ್ಕೆ 9, 17, 25. ಬಾಡಿಗೆ ಲೈಟುಗಳು ಒಂದು ಕಡೆಯಿಂದ ಕೊಂಡವಲ್ಲ. ಒಂದು ಏಳು ಚಾನೆಲ್, ಇನ್ನೊಂದು ಎಂಟು. ಹಿಂಬದಿಯ ಮೆನುವಿನಲ್ಲಿ ಪ್ರತಿಯೊಂದನ್ನೂ ತೆಗೆದು ನೋಡಿ. ಅವು ಕೊನೆಯ ಬಾರಿ ಉರಿದದ್ದು ಆರ್ಕೆಸ್ಟ್ರಾದಲ್ಲಾಗಿದ್ದರೆ 'ಸೌಂಡ್' ಮೋಡಿನಲ್ಲೇ ಉಳಿದಿರುತ್ತವೆ. ತಾಯಿ ಮಗನ ಹೆಣದ ಮುಂದೆ ಗೋಳಾಡುವಾಗ ಅವಳ ದನಿಗೆ ತಕ್ಕಂತೆ ಕೆಂಪು ಹಸಿರು ಕುಣಿಯುತ್ತವೆ. ಡಿಎಂಎಕ್ಸ್ ತಂತಿ ಎಂದು ಮೈಕಿನ ತಂತಿ ಕೊಟ್ಟಿದ್ದರೆ ದೂರ ಹೆಚ್ಚಿದಂತೆ ಮಿಣುಕು ಶುರು. ಕೊನೆಯ ಲೈಟಿಗೆ, 2 ಮತ್ತು 3ನೇ ಪಿನ್ನುಗಳ ನಡುವೆ, 120 ಓಮ್ ರೆಸಿಸ್ಟರ್ ಇರುವ ಟರ್ಮಿನೇಟರ್ ಸಿಕ್ಕಿಸಿದರೆ ಬಹಳಷ್ಟು ಸಲ ನಿಲ್ಲುತ್ತದೆ.

ಸ್ಟ್ಯಾಂಡ್ ಕೊಡುವಾಗ ಹಳ್ಳಿಯ ಅಭ್ಯಾಸದಂತೆ ಆರೇಳು ಅಡಿಯದು ಕೊಡುತ್ತಾರೆ. ಅಷ್ಟು ತಗ್ಗಿನಿಂದ ಬಿಟ್ಟ ಬೆಳಕಿಗೆ ನಟನ ನೆರಳು ನೇರ ಸೀನಿನ ಮೇಲೆ, ಕಾಡಿನ ಮರಗಳ ಮೇಲೇ ಬೀಳುತ್ತದೆ. 45 ಡಿಗ್ರಿಯ ಲೆಕ್ಕ ಸುಲಭ: ಮುಖ 5 ಅಡಿಯಲ್ಲಿ, ಲೈಟು 15 ಅಡಿಯಲ್ಲಿ ಇದ್ದರೆ ಎತ್ತರದ ವ್ಯತ್ಯಾಸ 10, ಆದ್ದರಿಂದ ಲೈಟು ನಟನಿಗಿಂತ 10 ಅಡಿ ಮುಂದೆ. ಆಗ ಮುಖದ ನೆರಳು ಅವನ ಹಿಂದೆ 5 ಅಡಿಗೆ ನೆಲ ಮುಟ್ಟುತ್ತದೆ. ಮೇಲೆ ಹೇಳಿದ ಆರು ಅಡಿಯ ಗೆರೆ ಇದ್ದರೆ ಅದು ಸೀನಿನವರೆಗೆ ತಲುಪುವುದೇ ಇಲ್ಲ. ಎತ್ತರದ ಸ್ಟ್ಯಾಂಡ್ ತಂದರೆ ಬುಡಕ್ಕೆ ಮರಳುಚೀಲ ಕಡ್ಡಾಯ, ಪ್ರತಿ ಲೈಟಿಗೂ ಕೊಕ್ಕೆಯ ಜೊತೆ ಇನ್ನೊಂದು ಉಕ್ಕಿನ ತಂತಿ. ಹ್ಯಾಲೊಜೆನ್ನಿನಿಂದ ಬಟ್ಟೆಗೆ ಒಂದು ಮೀಟರಾದರೂ ದೂರ ಇರಲಿ.

ಮೈಕ್ ಬೇಡ ಎನ್ನಲು ಕಾರಣ ಒಂದೇ ಸಾಕು: ಮೇಲಿಂದ ಇಳಿಬಿಟ್ಟ ಮೈಕಿನ ಕೆಳಗೆ ಬಂದೇ ಮಾತಾಡಬೇಕಾಗುತ್ತದೆ, ಮೂರು ತಿಂಗಳು ಕಟ್ಟಿದ ಚಲನೆ ಮೂರು ಬಿಂದುಗಳಿಗೆ ಇಳಿಯುತ್ತದೆ. ಕಾಲಿನಲ್ಲಿ ಒತ್ತುವ ಲೆಗ್ ಹಾರ್ಮೋನಿಯಂ ಸಿಕ್ಕರೆ ಬಿಡಬೇಡಿ, ಎರಡೂ ಕೈ ಬಿಡುವಾಗುತ್ತದೆ, ದನಿಯೂ ದೊಡ್ಡದು. ಗಾಳಿ ತುಂಬಿಸಿ ಕೀ ಒತ್ತದೆ ಬಿಟ್ಟು ಕಿವಿಗೊಡಿ. 'ಸುಸ್' ಎಂದು ಬೇಗ ಇಳಿದರೆ ತಿದಿ ಸೋರುತ್ತಿದೆ. ಅದರ ಶ್ರುತಿಯನ್ನು ನೀವು ಬದಲಿಸಲಾಗದು, ತಬಲಾದವರೇ ಹೊಂದಿಕೊಳ್ಳಬೇಕು. ಅದಕ್ಕೇ ಪ್ರದರ್ಶನದ ದಿನಕ್ಕಲ್ಲ, ಹಾಡಿನ ಅಭ್ಯಾಸಕ್ಕೇ ಒಂದು ದಿನ ತನ್ನಿ.

ಬುಕ್ಕಿಂಗ್ ವಿಷಯ. ಸಂಕ್ರಾಂತಿಗೆ ಸುಗ್ಗಿ ಮುಗಿದದ್ದೇ ಹಳ್ಳಿಗಳಲ್ಲಿ ನಾಟಕ ಶುರು. ಯುಗಾದಿ, ಬೇಸಿಗೆಯ ಜಾತ್ರೆಗಳ ತನಕ ಬಿಡುವಿಲ್ಲ. ಸೆಮಿಸ್ಟರಿನ ಕೊನೆಯ ಪ್ರಯೋಗಗಳೂ ಬಹಳ ಸಲ ಅಲ್ಲಿಗೇ ಬಂದು ನಿಲ್ಲುತ್ತವೆ. ದಸರೆಯ ಸಮಯದಲ್ಲಿ ಮೈಸೂರಿನ ಲೈಟು ಸಿಗುವುದು ಕಷ್ಟ. ತಿಂಗಳ ಮೊದಲೇ ಅಡ್ವಾನ್ಸ್ ಕೊಟ್ಟು ಚೀಟಿಯಲ್ಲಿ "ಸೀನು ಒಂದು ಸೆಟ್" ಎಂದು ಬರೆಸದೆ ಬಿಡಿಬಿಡಿಯಾಗಿ ಬರೆಸಿ: ಬೀದಿ 1, ಕಾಡು 1, ವಿಂಗ್ 6, ಝಾಲರು (ಮೇಲಂಚಿನ ಪಟ್ಟಿ) 3, ಹಗ್ಗ ಇಷ್ಟು, ರಾಟೆ ಇಷ್ಟು. ಕಟ್ಟುವವರ ಕೂಲಿ, ಅವರ ರಾತ್ರಿ ಊಟ ಬಾಡಿಗೆಯಲ್ಲಿ ಸೇರಿದೆಯೇ ಕೇಳಿ. ಜಗಳ ಬರುವುದು ಸಾಮಾನ್ಯವಾಗಿ ಅದರ ಮೇಲೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ದೂರ. ಗಳಕ್ಕೆ ಸುತ್ತಿದ ಸೀನು ಟಾಟಾ ಏಸಿನಲ್ಲಿ ಹಿಡಿಸುವುದಿಲ್ಲ, ಉದ್ದದ ಲಾರಿಯೇ ಬೇಕು. ಅದಕ್ಕೇ ಅವರು ಮಡಿಸಿ ಕಳಿಸುವುದು.

ಪ್ರದರ್ಶನ ಮುಗಿದ ರಾತ್ರಿಯೇ ಎಣಿಸಿ ಕಟ್ಟಿ, ಬೆಳಗ್ಗೆ ಒಪ್ಪಿಸಬೇಕು. ಅಂದೇ ಸಂಜೆ ಇನ್ನೊಂದು ಊರಿನ ದುರ್ಯೋಧನ ಅದಕ್ಕಾಗಿ ಕಾಯುತ್ತಿರುತ್ತಾನೆ. ಎಣಿಸುವಾಗ ಕಿರೀಟ, ಗದೆ ಎಲ್ಲರೂ ನೋಡುತ್ತಾರೆ. ಕಳೆದುಹೋಗುವುದು ತೋಳಬಂದಿಯ ದಾರ, ಡಾಬಿನ ಕೊಂಡಿ ಮತ್ತು ಕತ್ತಲಲ್ಲಿ ಯಾರೋ ಬಿಚ್ಚಲಾರದೆ ಕೊಯ್ದ ಸೀನಿನ ಹಗ್ಗ.